ನೆರಿಗೆಗೆ ಸೀರಮ್ಮಾ, ಸೆರಗಾ?

ಬನಹಟ್ಟಿಯಿಂದ ಚಿಗವ್ವನ ಫೋನು. "ಏ ತಂಗಿ, ನಿಮ್ಮ ಟೀವಿಯಾಗ ತೋರಸ್ತಾರಲ್ಲ, ಗ್ರೋತ್ ಫ್ಯಾಕ್ಟರ್ ಸೀರಮ್ಮು, ಅದನ್ನ ಹಚ್ಚಿಕೊಂಡ್ರ ಮಾರಿ ಮ್ಯಾಲಿನ ನಿರಗಿ ಹೋಗ್ತಾವೇನು?"

ಬೆಲೆ ಎಷ್ಟು ಅಂದೆ. 2,400 ರೂಪಾಯಿ. ಮಗ್ಗದ ಮುಂದೆ ಕೂತು ಸೀರೆ ನೇಯ್ದು ಕೂಡಿಟ್ಟ ದುಡ್ಡು. ಜಾಹೀರಾತು ಬಂದದ್ದು ನನ್ನದೇ ಬುಲೆಟಿನ್ನಿನ ಬ್ರೇಕಿನಲ್ಲಿ. ಅಂದಮೇಲೆ ಉತ್ತರ ಕೊಡೋ ಜವಾಬ್ದಾರಿಯೂ ನನ್ನದೇ.

ಗ್ರೋತ್ ಫ್ಯಾಕ್ಟರ್ ಅಂದ್ರೆ ಏನು? ನಮ್ಮ ದೇಹದ ಜೀವಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶ. ಪ್ರೋಟೀನ್ ರೂಪದಲ್ಲಿರುತ್ತೆ. "ಇಲ್ಲಿ ಗಾಯ ಆಗಿದೆ, ಬೆಳೀರಿ, ಮುಚ್ಚಿ" ಅಂತ ಹೇಳುತ್ತೆ. ಇದು ಬುರುಡೆ ಅಲ್ಲ. ಇದನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೊಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಬಂತು. ಹೈದರಾಬಾದಿನ ಭಾರತ್ ಬಯೋಟೆಕ್ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಅಂತಲೇ ಇಂಥದ್ದೊಂದು ಜೆಲ್ ತಯಾರಿಸಿದೆ.

ಹುಣ್ಣಿಗೆ ಆದರೆ ಮುಖಕ್ಕೂ ಆಗಬೇಕಲ್ವಾ? ಇಲ್ಲೇ ಇದೆ ನೋಡಿ ತೊಡಕು. ಹುಣ್ಣಿನ ಜಾಗದಲ್ಲಿ ಚರ್ಮ ಕಿತ್ತುಹೋಗಿರುತ್ತೆ, ಬಾಗಿಲು ತೆರೆದಿರುತ್ತೆ. ಮುಖದಲ್ಲಿ ಚರ್ಮ ಇಡಿಯಾಗಿದೆ. ಹೊರಗಿನದನ್ನು ಒಳಗೆ ಬಿಡದಿರೋದೇ ಅದರ ಕೆಲಸ.

ಇಂಜಿನಿಯರಿಂಗ್ ಓದಿದವಳು ನಾನು, ಅಳತೆ ಕೇಳದೆ ಸಮಾಧಾನ ಇಲ್ಲ. ಅಣುವಿನ ತೂಕವನ್ನು ಡಾಲ್ಟನ್ ಲೆಕ್ಕದಲ್ಲಿ ಹೇಳ್ತಾರೆ. 500 ಡಾಲ್ಟನ್ ಮೀರಿದ ಅಣು ಗಟ್ಟಿ ಚರ್ಮ ದಾಟೋದು ಕಷ್ಟ ಅನ್ನೋದು ಸಾಮಾನ್ಯ ನಿಯಮ. ಎಪಿಡರ್ಮಲ್ ಗ್ರೋತ್ ಫ್ಯಾಕ್ಟರಿನ ತೂಕ 6,000ಕ್ಕೂ ಮೇಲೆ! ಹಿಟ್ಟಿನ ಸಾಣಿಗೆಯಲ್ಲಿ ಇಡೀ ಜೋಳ ಹಾಕಿ ಕೆಳಗೆ ಬೀಳಲಿ ಅಂತ ಕಾದ ಹಾಗೆ. ನೆರಿಗೆ ಹುಟ್ಟೋದು ಒಳಪದರದ ಕೊಲಾಜೆನ್ ಸವೆದಾಗ. ಸಂದೇಶ ಅಲ್ಲಿಗೆ ತಲುಪಬೇಕಲ್ಲ?

ಹಾಗಂತ ಪ್ರಯೋಗಗಳೇ ಆಗಿಲ್ಲ ಅಂತಲ್ಲ. ಆಗಿವೆ. ಕೆಲವರಲ್ಲಿ ಸಣ್ಣ ಗೆರೆಗಳು ತುಸು ಕಡಿಮೆಯಾಗಿದ್ದೂ ಇದೆ. ಆದರೆ ಹೆಚ್ಚಿನವು ಚಿಕ್ಕ ಪ್ರಯೋಗಗಳು, ಎಷ್ಟೋ ಕಡೆ ದುಡ್ಡು ಹಾಕಿದ್ದು ಮಾರೋ ಕಂಪನಿಯೇ. ಜೊತೆಗೆ ಸೀರಮ್ಮಿನಲ್ಲಿ ಬೇರೆ ಪದಾರ್ಥಗಳೂ ಇರ್ತವೆ. ಒಣಚರ್ಮಕ್ಕೆ ಬರೀ ತೇವ ಸಿಕ್ಕರೂ ಗೆರೆ ಮಸುಕಾಗುತ್ತೆ. ಫಲ ಕೊಟ್ಟಿದ್ದು ಯಾವುದು ಅಂತ ಹೇಗೆ ಹೇಳೋದು? ಇನ್ನೊಂದು ಮಾತು. ಬೆಳೆಯಿರಿ ಅನ್ನೋ ಸಂದೇಶ ಇದಾದ್ದರಿಂದ, ಚರ್ಮದ ಕ್ಯಾನ್ಸರ್ ಆದವರು ವೈದ್ಯರನ್ನು ಕೇಳದೆ ಹಚ್ಚಬಾರದು.

ಕಾನೂನು ಏನು ಹೇಳುತ್ತೆ? 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯಲ್ಲಿ ದೇಹದ ರಚನೆ, ಕೆಲಸವನ್ನೇ ಬದಲಿಸಲು ಬಳಸುವುದು ಔಷಧ. ಅಂದ ಹೆಚ್ಚಿಸೋದು, ರೂಪ ಬದಲಿಸೋದು ಪ್ರಸಾಧನ. ಅದಕ್ಕೇ ಜಾಹೀರಾತಿನವರು "ನೆರಿಗೆ ಹೋಗುತ್ತೆ" ಅನ್ನೋದಕ್ಕಿಂತ "ನೆರಿಗೆ ಕಡಿಮೆ ಕಾಣುತ್ತೆ" ಅನ್ನೋದೇ ಹೆಚ್ಚು. ಆ ಒಂದು ಪದದಲ್ಲೇ ಎಲ್ಲ ಇದೆ.

ಹಾಗಾದ್ರೆ ಪುರಾವೆ ಇರೋದು ಯಾವುದಕ್ಕೆ? ಬಿಸಿಲು ತಡೆಯೋದಕ್ಕೆ. ಆಸ್ಟ್ರೇಲಿಯಾದ ನಾಂಬೂರ್ ಪಟ್ಟಣದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮ ಮುಪ್ಪಾಗೋದು ಶೇ. 24ರಷ್ಟು ಕಡಿಮೆ. ಫಲಿತಾಂಶ 2013ರಲ್ಲಿ ಪ್ರಕಟವಾಯ್ತು. ಇನ್ನು ಟ್ರೆಟಿನಾಯಿನ್ ಅನ್ನೋ ಔಷಧಕ್ಕೂ ಒಳ್ಳೆಯ ಪುರಾವೆ ಇದೆ. ಅದರ ತೂಕ 300 ಡಾಲ್ಟನ್, ಸಾಣಿಗೆ ದಾಟುತ್ತೆ. ಆದರೆ ಅದನ್ನು ವೈದ್ಯರೇ ಬರೆದುಕೊಡಬೇಕು, ಬಸುರಿಯರು ಬಳಸಬಾರದು.

ನಂಬಿಕೆ ಬರಲಿಲ್ಲವಾ? ಜಮಖಂಡಿ, ಮುಧೋಳ, ಬೀಳಗಿ ಕಡೆಯ ಕಬ್ಬಿನ ಹೊಲದಲ್ಲಿ ದುಡಿಯೋ ಅಕ್ಕಂದಿರೇ, ನಿಮ್ಮ ಮುಂಗೈ ನೋಡಿಕೊಳ್ಳಿ. ಆಮೇಲೆ ಕುಪ್ಪಸದ ತೋಳಿನೊಳಗಿನ ಚರ್ಮ ನೋಡಿಕೊಳ್ಳಿ. ಎರಡರ ವಯಸ್ಸೂ ಒಂದೇ. ವ್ಯತ್ಯಾಸ ಮಾಡಿದ್ದು ಬಿಸಿಲು.

ಚಿಗವ್ವನಿಗೆ ಇದನ್ನೇ ಹೇಳಿದೆ. ನೂಲು ಒಣಹಾಕಲು ಅಂಗಳಕ್ಕೆ ಇಳಿಯೋವಾಗ ತಲೆ ಮೇಲೆ ಸೆರಗು ಹೊದ್ದುಕೋ, ಕೈಲಾದರೆ ಒಂದು ಸನ್‌ಸ್ಕ್ರೀನ್ ತಗೋ ಅಂದೆ. ಒಂದು ಗಳಿಗೆ ಸುಮ್ಮನಿದ್ದು ಕೇಳಿದಳು, "ಅಲ್ಲ ತಂಗಿ, ಇಷ್ಟೆಲ್ಲ ಗೊತ್ತಿದ್ದೂ ನಿಮ್ಮ ಟೀವಿಯಾಗ ಯಾಕ ತೋರಸ್ತೀರಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಬ್ರೇಕ್ ಬರುತ್ತೆ. ಅದೇ ಜಾಹೀರಾತೂ ಬರಬಹುದು. ನೋಡಿ, ಬೇಡ ಅನ್ನಲ್ಲ. ಆದರೆ "ಕಾಣುತ್ತೆ" ಅನ್ನೋ ಪದ ಬಂದಾಗ ಕಿವಿಗೊಟ್ಟು ಕೇಳಿ.