ಹಸಿನೆಲವೋ, ಒಣನೆಲವೋ: ಮುಗಿಲು ಒಲಿಯುವುದು ಯಾವುದಕ್ಕೆ?

ವೈಶಾಖದ ಮಧ್ಯಾಹ್ನ. ಬಯಲುಸೀಮೆಯ ರೈತನು ಹುಬ್ಬಿಗೆ ಕೈಯೊಡ್ಡಿ ಮುಗಿಲನ್ನು ನೋಡುತ್ತಾನೆ. ಬಿತ್ತನೆಯ ಬೀಜ ಮನೆಯಲ್ಲಿ ಕಾದಿದೆ, ಹೊಲ ಬಿರುಕುಬಿಟ್ಟಿದೆ. ಒಂದು ಮಳೆಯನ್ನು ನಂಬಿ ಬಿತ್ತಿದ ಮೇಲೆ ಮುಂದಿನ ಮಳೆ ಕೈಕೊಟ್ಟರೆ ಬೀಜವೂ ಹೋಯಿತು, ಸಾಲವೂ ಉಳಿಯಿತು. ಆದುದರಿಂದ ಅವನು ಮಳೆಯ ಸುಳಿವನ್ನು ಆಕಾಶದಲ್ಲಿ ಅರಸುತ್ತಾನೆ. ಆ ಸುಳಿವಿನ ಒಂದು ಪಾಲು ಅವನ ಕಾಲಡಿಯಲ್ಲಿಯೇ ಅಡಗಿದೆಯೆನ್ನುತ್ತದೆ ವಿಜ್ಞಾನ.

ಮುಂಗಾರಿನ ನೀರು ಬಹುಮಟ್ಟಿಗೆ ಕಡಲಿನ ಕೊಡುಗೆ. ಆದರೂ ನೆಲದ ಪಾತ್ರ ಅಲ್ಪವಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹಸಿಮಣ್ಣಿನ ಮೇಲೆ ಬಿದ್ದ ಬಿಸಿಲು ಹೆಚ್ಚಾಗಿ ಈ ಕಾರ್ಯದಲ್ಲಿಯೇ ವ್ಯಯವಾಗುವುದರಿಂದ ಅಲ್ಲಿಯ ಗಾಳಿ ತಂಪಾಗಿಯೂ ತೇವಭರಿತವಾಗಿಯೂ ಇರುತ್ತದೆ. ಒಣನೆಲದಲ್ಲಿ ಅದೇ ಬಿಸಿಲು ಗಾಳಿಯನ್ನು ಕಾಯಿಸುತ್ತದೆ; ಕಾದ ಗಾಳಿ ಹಗುರಾಗಿ ಎತ್ತರಕ್ಕೇರುತ್ತದೆ. ಒಂದಕ್ಕೆ ತೇವವುಂಟು, ಏರುವ ಬಲ ಸಾಲದು; ಇನ್ನೊಂದಕ್ಕೆ ಬಲವುಂಟು, ತೇವ ಸಾಲದು.

ಹಾಗಾದರೆ ಮಳೆ ತರಿಸುವುದು ಯಾವುದು? ತೀರ್ಪು ವಾಯುಮಂಡಲದ್ದು. ಮೇಲಣ ಗಾಳಿ ಅನುಕೂಲವಾಗಿದ್ದು ತೇವವೊಂದೇ ಕೊರೆಯಾದಾಗ ಹಸಿನೆಲದ ಆವಿ ಅದನ್ನು ತುಂಬಬಹುದು. ತೇವವಿದ್ದೂ ಮೇಲೇರುವ ನೂಕು ಇಲ್ಲದಾಗ ಒಣನೆಲದ ಕಾವು ಒದಗಬಹುದು. ಮೇಲೆ ಗಾಳಿ ತೀರ ಒಣಗಿದ್ದರೆ ಕೆಳಗೆ ಎಂತಹ ನೆಲವಿದ್ದರೂ ಮೋಡ ಮಳೆಯಾಗದು.

ಗಣಕಯಂತ್ರಗಳಲ್ಲಿ ರಚಿಸಿದ ಹನ್ನೆರಡು ವಾಯುಮಂಡಲದ ಮಾದರಿಗಳನ್ನು ಹೋಲಿಸಿ ವಿಜ್ಞಾನಿಗಳು 2004ರಲ್ಲಿ ಒಂದು ಭೂಪಟವನ್ನು ಪ್ರಕಟಿಸಿದರು. ಬೇಸಗೆಯ ಮಳೆಯ ಮೇಲೆ ಮಣ್ಣಿನ ತೇವದ ಪ್ರಭಾವ ಪ್ರಬಲವಾಗಿರುವ ಪ್ರದೇಶಗಳಲ್ಲಿ ಅಮೆರಿಕದ ಮಧ್ಯದ ಬಯಲು, ಆಫ್ರಿಕದ ಸಾಹೇಲ್ ಸೀಮೆಗಳೊಡನೆ ಭಾರತವೂ ಕಾಣಿಸಿಕೊಂಡಿತು. 2012ರಲ್ಲಿ ಉಪಗ್ರಹಗಳ ನೆರವಿನಿಂದ ನಡೆದ ಅಧ್ಯಯನವೊಂದು ಅಚ್ಚರಿಯನ್ನೇ ತಂದಿತು: ಆರು ಖಂಡಗಳಲ್ಲಿಯೂ ಅಪರಾಹ್ನದ ಮಳೆ ಸುತ್ತಲಿನದಕ್ಕಿಂತ ಒಣಗಿದ ನೆಲದ ಮೇಲೆಯೇ ಹೆಚ್ಚಾಗಿ ಸುರಿಯುತ್ತಿತ್ತು! ಹಸಿನೆಲದ ಗಾಳಿ ಕಾದ ನೆಲದ ಕಡೆಗೆ ಕಡಲ ಗಾಳಿಯಂತೆ ಬೀಸಿ, ಅಲ್ಲಿ ಮೇಲೇರಿ ಮೋಡವಾಗುವುದು ಇದಕ್ಕೊಂದು ಕಾರಣ. ಹಸಿಯೂ ಒಣಗೂ ನೆರೆಹೊರೆಯಾಗಿರುವಲ್ಲಿ ಮುಗಿಲಿಗೆ ಎರಡರ ಸಹಾಯವೂ ದೊರೆಯುತ್ತದೆ.

ಹೊಲಕ್ಕೆ ನೀರು ಹಾಯಿಸಿ ಮಳೆಯನ್ನು ಕರೆಯಬಹುದೆಂದು ಇದರ ಅರ್ಥವಲ್ಲ. ಆದರೆ ಮಣ್ಣಿನ ತೇವವನ್ನು ಬಲ್ಲವರಿಗೆ ಮಳೆಯ ಮುನ್ಸೂಚನೆ ಇನ್ನಷ್ಟು ಸಮೀಪವಾಗುತ್ತದೆ. ಇದಕ್ಕಾಗಿಯೇ ಇಂದು ಉಪಗ್ರಹಗಳು ಮೇಲ್ಮಣ್ಣಿನ ಎರಡಂಗುಲದ ತೇವವನ್ನು ಆಕಾಶದಿಂದಲೇ ಅಳೆಯುತ್ತವೆ. ರೈತನಾದರೋ ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ ಹದ ನೋಡುವುದನ್ನು ಎಂದೋ ಕಲಿತವನು. ಅವನು ಮುಗಿಲನ್ನು ನೋಡುತ್ತಿರುವಾಗ, ಮುಗಿಲಾಚೆಯಿಂದ ವಿಜ್ಞಾನ ಅವನ ಮಣ್ಣನ್ನು ನೋಡುತ್ತಿದೆ.