ಹಾಸಿಗೆಗೆ ಬಿಸಿಲು ಏಕೆ ಬೇಕು?

ಹಬ್ಬ ಬಂತೆಂದರೆ ಹಾಸಿಗೆ, ದಿಂಬು, ಕಂಬಳಿಗಳನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗೆ ಹರಡುವುದು ನಮ್ಮ ಹಿರಿಯರ ರೂಢಿ. ಇದರಿಂದ ಆಗುವ ಲಾಭವೇನೆಂದು ತಿಳಿಯೋಣ.

ನಾವು ಮಲಗುವ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಒಂದು ಜೀವಿ ವಾಸಿಸುತ್ತದೆ. ಅದೇ ಧೂಳುನುಸಿ. ಇದರ ಉದ್ದ ಮಿಲಿಮೀಟರಿನ ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ. ಎಂಟು ಕಾಲುಗಳುಳ್ಳ ಇದು ಜೇಡ ಮತ್ತು ಉಣ್ಣೆಗಳ ಬಂಧು. ತಿಗಣೆಯಂತೆ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಆಹಾರ.

ಹಾಗಾದರೆ ಇದರಿಂದ ಕೇಡೇನು? ಇದರ ಹಿಕ್ಕೆ ಒಣಗಿ ಧೂಳಿನೊಡನೆ ಉಸಿರಿಗೆ ಸೇರುತ್ತದೆ. ಅದು ಒಗ್ಗದವರಿಗೆ ಬೆಳಗಿನ ಸೀನು, ಮೂಗು ಸೋರುವಿಕೆ, ಕಣ್ಣಿನ ತುರಿಕೆ ಉಂಟಾಗುತ್ತವೆ; ಉಬ್ಬಸವಿರುವ ಮಕ್ಕಳಿಗೆ ರಾತ್ರಿ ಉಸಿರಾಟವೇ ಕಷ್ಟವಾಗಬಹುದು. ಮನೆಯ ಧೂಳಿನ ಈ ದೋಷಕ್ಕೆ ನುಸಿಯೇ ಮೂಲವೆಂದು 1964ರಲ್ಲಿ ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳು ತೋರಿಸಿಕೊಟ್ಟರು.

ಧೂಳುನುಸಿ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಯಿಂದ ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ಬಹುಕಾಲ ಶೇಕಡಾ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಕೃಷ್ಣಗಿರಿಗಿಂತ ಎತ್ತರದಲ್ಲಿರುವ ಹೊಸೂರು, ತಳಿ, ಡೆಂಕಣಿಕೋಟೆಗಳ ಕಡೆ ಹವೆ ತಂಪು. ಅಕ್ಟೋಬರ್, ನವೆಂಬರ್ ತಿಂಗಳ ಹಿಂಗಾರು ಮಳೆಯಲ್ಲಿ ಗೋಡೆ, ಹಾಸಿಗೆಗಳು ತೇವಗೊಳ್ಳುತ್ತವೆ. ನುಸಿಗೆ ಅದು ಸುಗ್ಗಿಯ ಕಾಲ. ಆದ್ದರಿಂದ ಮಳೆ ಬಿಟ್ಟು ಬಿಸಿಲು ಬಂದ ಕೂಡಲೇ ಹಾಸಿಗೆಯನ್ನು ಒಣಗಿಸಬೇಕು.

ಒಣಗಿಸುವ ಕ್ರಮ ಹೀಗಿರಲಿ. ಎದ್ದ ಕೂಡಲೇ ಹಾಸಿಗೆ ಸುತ್ತಿಡಬೇಡಿ. ರಾತ್ರಿಯ ಬೆವರಿನ ತೇವ ಆರಲಿ. ಬಿಸಿಲು ಚುರುಕಾದ ಮೇಲೆ ಹಾಸಿಗೆಯನ್ನು ಹೊರಗೆ ಹರಡಿ, ನಡುವೆ ಒಮ್ಮೆ ಮಗುಚಿ. ಹತ್ತಿಯ ಹಾಸಿಗೆ ದಪ್ಪವಾಗಿದ್ದರೆ ನುಸಿಗಳು ಬಿಸಿಯಿಲ್ಲದ ಒಳಭಾಗಕ್ಕೆ ಸರಿಯುತ್ತವೆ. ಆದಕಾರಣ ಒಂದು ದಿನದ ಬಿಸಿಲು ಸಾಲದು. ಸಂಜೆಯ ಮಂಜು ಬೀಳುವ ಮುನ್ನ ಒಳಗೆ ತನ್ನಿ.

ನುಸಿ ಸತ್ತರೂ ಅದರ ಹಿಕ್ಕೆ ಹಾಸಿಗೆಯಲ್ಲೇ ಉಳಿಯುತ್ತದೆ. ಆದ್ದರಿಂದ ಹಾಸಿಗೆಯನ್ನು ಮನೆಯಿಂದ ದೂರದಲ್ಲಿ ಕೋಲಿನಿಂದ ಬಡಿದು ಧೂಳು ತೆಗೆಯಬೇಕು. ಈ ಕೆಲಸವನ್ನು ಉಬ್ಬಸವಿರುವ ಮಕ್ಕಳಿಗೆ ಎಂದಿಗೂ ಒಪ್ಪಿಸಬಾರದು. ಆ ಹೊತ್ತಿನಲ್ಲಿ ಅವರು ಹತ್ತಿರವೂ ಇರಬಾರದು. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿನೀರಿನಲ್ಲಿ ಒಗೆದರೆ ನುಸಿಯೂ ಸಾಯುತ್ತದೆ, ಹಿಕ್ಕೆಯೂ ತೊಳೆದುಹೋಗುತ್ತದೆ.

ಬಿಸಿಲು ಔಷಧಿಗೆ ಬದಲಲ್ಲ. ಉಬ್ಬಸವಿರುವ ಮಗು ವೈದ್ಯರು ಕೊಟ್ಟ ಔಷಧಿಯನ್ನು ತಪ್ಪದೆ ಸೇವಿಸಬೇಕು. ಅದರೊಡನೆ ಹಾಸಿಗೆಯೂ ಒಣಗಿ ಶುಚಿಯಾಗಿದ್ದರೆ ಆ ಮಗುವಿನ ನಿದ್ರೆ ಹಗುರವಾದೀತು. ಮುಂದಿನ ಭಾನುವಾರ ಹಾಸಿಗೆ ಹೊರಗೆ ತರಲು ವಿದ್ಯಾರ್ಥಿಗಳು ತಾಯಿಗೆ ನೆರವಾಗಲಿ.