ಎಂಎಲ್‌ಎಗೆ ‘ಆ್ಯನ್’, ಯುಪಿಎಸ್‌ಸಿಗೆ ‘ಎ’

ಇಂಗ್ಲಿಷ್ ಪದ ಎ, ಇ, ಐ, ಓ, ಯು ಅಕ್ಷರದಿಂದ ಶುರುವಾದರೆ ‘ಆ್ಯನ್’, ಉಳಿದದ್ದಕ್ಕೆಲ್ಲ ‘ಎ’ ಎಂಬುದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರ. ಅದನ್ನೇ ನಂಬಿದರೆ ವಿಜಯನಗರದ ಕೋಚಿಂಗ್ ಸೆಂಟರಿನಲ್ಲಿ ಕೆಎಎಸ್‌ಗೋ ಎಫ್‌ಡಿಎಗೋ ಓದುವ ಜಾಣ ಹುಡುಗಿಯೂ ‘ಎ ಎಂಎಲ್‌ಎ’, ‘ಆ್ಯನ್ ಯುಪಿಎಸ್‌ಸಿ ಎಕ್ಸಾಮ್’ ಎಂದು ಬರೆದುಬಿಡುತ್ತಾಳೆ. ಎರಡೂ ತಪ್ಪು. ಇಲ್ಲಿ ಲೆಕ್ಕಕ್ಕೆ ಬರುವುದು ಕಣ್ಣಿಗೆ ಕಾಣುವ ಅಕ್ಷರವಲ್ಲ, ಕಿವಿಗೆ ಬೀಳುವ ಮೊದಲ ಧ್ವನಿ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬರ್ಥದ ‘ಆನ್’ ಪದವೇ ‘ಎ’, ‘ಆ್ಯನ್’ ಎಂಬ ಈ ಆರ್ಟಿಕಲ್‌ನ ಮೂಲ. ಮುಂದೆ ವ್ಯಂಜನ ಬಂದ ಕಡೆ ಅದರ ನಕಾರ ಸವೆದುಹೋಯಿತು. ಸ್ವರ ಬಂದ ಕಡೆ, ಎರಡು ಸ್ವರ ಒಂದಕ್ಕೊಂದು ತಾಗದಂತೆ ಉಳಿದುಕೊಂಡಿತು. ‘ಮನೆ’ಗೆ ‘ಅನ್ನು’ ಸೇರಿದಾಗ ನಾವು ನಡುವೆ ಯಕಾರ ತಂದು ‘ಮನೆಯನ್ನು’ ಅನ್ನುವುದೂ ಇದೇ ತೊಡಕನ್ನು ತಪ್ಪಿಸಲಿಕ್ಕೆ.

ಧ್ವನಿಯೇ ಮುಖ್ಯ ಎಂದಮೇಲೆ, ಕೇಳಿದಂತೆ ಬರೆಯುವ ಕನ್ನಡ ಲಿಪಿಗಿಂತ ಒಳ್ಳೆಯ ಒರೆಗಲ್ಲು ಬೇರೆ ಬೇಕಿಲ್ಲ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ, ಅಲ್ಲಿನ ಆರ್‌ಟಿಒ ಕಚೇರಿ, ಎಲ್‌ಐಸಿ ಏಜೆಂಟು, ಎಫ್‌ಐಆರ್: ಕನ್ನಡದಲ್ಲಿ ಬರೆದರೆ ಎಲ್ಲದರ ಮೊದಲಲ್ಲೂ ಸ್ವರ, ಹಾಗಾಗಿ ‘ಆ್ಯನ್’. ಬಿಡಿಎ ಸೈಟು, ಬಿಎಂಟಿಸಿ ಬಸ್ಸಿಗೆ ‘ಎ’. ಯುಪಿಎಸ್‌ಸಿಯಲ್ಲಿ ಇಂಗ್ಲಿಷ್ ಮುಚ್ಚಿಟ್ಟ ಯಕಾರವನ್ನು ನಮ್ಮ ಲಿಪಿ ಬಿಚ್ಚಿ ತೋರಿಸುತ್ತದೆ, ಅಲ್ಲೂ ‘ಎ’. ಎನ್‌ಜಿಒ, ನಿಮ್ಹಾನ್ಸ್ ಎರಡೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಶುರುವಾದರೂ ಮೊದಲನೆಯದನ್ನು ಬಿಡಿಬಿಡಿಯಾಗಿ, ಎರಡನೆಯದನ್ನು ಇಡೀ ಪದವಾಗಿ ಓದುತ್ತೇವೆ. ಆದ್ದರಿಂದ ‘ಆ್ಯನ್ ಎನ್‌ಜಿಒ’, ‘ಎ ನಿಮ್ಹಾನ್ಸ್ ಡಾಕ್ಟರ್’.

ಎಂಎಲ್‌ಎಯನ್ನು ಬಿಡಿಸಿದರೆ ‘ಮೆಂಬರ್’ ಬರುತ್ತದಲ್ಲ ಎನ್ನುವವರಿಗೆ ಉತ್ತರ ಸರಳ: ಬಿಡಿಸಿ ಬರೆದಾಗ ‘ಎ’ ಹಾಕಿ; ಆದರೆ ಸಂಕ್ಷಿಪ್ತವಾಗಿ ಬರೆದಾಗ ಯಾರೂ ಬಿಡಿಸಿ ಓದುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಮಾತಿನಲ್ಲಿ ನಾವು ‘ಯೆಮ್ಮೆಲ್ಲೆ’ ಅನ್ನುತ್ತೇವೆ, ಅಲ್ಲಿ ಮೊದಲಿರುವುದು ಯಕಾರವಲ್ಲವೇ ಎಂಬುದು. ನಿಜ, ಪದದ ಮೊದಲಿನ ಎಕಾರಕ್ಕೆ ಯಕಾರ ಹತ್ತಿಸುವುದು ಕನ್ನಡದ ನಾಲಿಗೆಯ ಗುಣ. ಆದರೆ ಇಂಗ್ಲಿಷಿನ ಅಕ್ಷರದ ಹೆಸರಿನಲ್ಲಿ ಅದಿಲ್ಲ. ನಾವೂ ಅದನ್ನು ಬಿಟ್ಟೇ ‘ಎಂಎಲ್‌ಎ’ ಎಂದು ಬರೆಯುತ್ತೇವೆ. ಕಗ್ಗಂಟಾಗುವುದು ಎಚ್‌ಎಂಟಿ ವಾಚಿನಂಥ ಕಡೆ. ನಮ್ಮಲ್ಲಿ ‘ಎಚ್’ ಬರೆಯುವವರೂ ಇದ್ದಾರೆ, ‘ಹೆಚ್’ ಬರೆಯುವವರೂ ಇದ್ದಾರೆ. ಬ್ರಿಟನ್, ಐರ್ಲೆಂಡಿನಲ್ಲೂ ಎರಡೂ ಉಚ್ಚಾರಣೆ ಉಂಟು. ಬಾಯಲ್ಲಿ ಹಕಾರ ಇರುವವರು ‘ಎ ಹೆಚ್‌ಎಂಟಿ ವಾಚ್’ ಅಂದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ, ನಿಘಂಟುಗಳು ಕೊಡುವ ‘ಎಚ್’ ಹಿಡಿದು ‘ಆ್ಯನ್’ ಬರೆಯುವುದು ಕ್ಷೇಮ.